ಮಂತ್ರಿಯಾಗದ ನಾಯಕ

ಬೆಂಗಳೂರಿನಲ್ಲಿ ನಾವೆಲ್ಲ ಒಬ್ಬರನ್ನೊಬ್ಬರು ಅಳೆಯೋದು ಡೆಸಿಗ್ನೇಷನ್‌ನಿಂದ. ರಾಜಕಾರಣಿಗಳನ್ನೂ ಹಾಗೇ ಅಳೀತೀವಿ: ಮಂತ್ರಿ ಆದ್ರಾ? ಯಾವ ಖಾತೆ? ಈ ಅಳತೆಗೆ ಶಾಂತವೇರಿ ಗೋಪಾಲಗೌಡರು ಸಿಗೋದೇ ಇಲ್ಲ. 1952, 1962, 1967, ಹೀಗೆ ಮೂರು ಸಲ ಗೆದ್ದರು. ಸಮಾಜವಾದಿಗಳ ನಾಯಕರಾಗಿ ಸದನದಲ್ಲಿ ಗುಡುಗಿದರು. ಆದರೆ ಅಧಿಕಾರದ ಕುರ್ಚಿಯಲ್ಲಿ ಒಂದು ದಿನವೂ ಕೂರಲಿಲ್ಲ.

ಅವರ ರಾಜಕೀಯಕ್ಕೆ ಬುನಾದಿ ಹಾಕಿದ್ದೂ ಒಂದು ಅಳತೆಯೇ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ಮಾಮೂಲಿಗಿಂತ ದೊಡ್ಡದಿತ್ತು. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ತಿರುಗಿ ನಿಂತರು. ಸಮಾಜವಾದಿಗಳು ಜೊತೆಗೂಡಿದರು, ಬೆಂಬಲಕ್ಕೆ ಬಂದ ಲೋಹಿಯಾ ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ, ಇನ್ನೂ ಮೂವತ್ತು ತುಂಬದ ಗೋಪಾಲಗೌಡರು ಅದೇ ಸೀಮೆಯಿಂದ ವಿಧಾನಸಭೆಗೆ ಬಂದರು.

1957ರಲ್ಲಿ ಸೋತರು. ನನಗೆ ಇತಿಹಾಸದ ಕ್ರೂರ ತಮಾಷೆ ಅನ್ನಿಸೋದು ಇಲ್ಲೇ. ಭೂಸುಧಾರಣಾ ಕಾಯ್ದೆ 1961ರಲ್ಲಿ ಪಾಸಾದಾಗ ಆ ಮಾತನ್ನೇ ಉಸಿರಾಡುತ್ತಿದ್ದ ಮನುಷ್ಯ ಸದನದಲ್ಲೇ ಇರಲಿಲ್ಲ! ಆ ಕಾಯ್ದೆಯಲ್ಲಿ ತೂತುಗಳಿದ್ದವು. ಸ್ವಂತ ಸಾಗುವಳಿ ಮಾಡ್ತೀನಿ ಅಂತ ಹೇಳಿ ಒಡೆಯ ಜಮೀನು ವಾಪಸ್ ಪಡೆಯಲು ದಾರಿಯಿತ್ತು. ಗೇಣಿ ಪದ್ಧತಿಯನ್ನೇ ಕೊನೆಗಾಣಿಸುವ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಉಳುವವರು ಫಾರಂ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು.

ಅಷ್ಟರಲ್ಲಿ ಗೌಡರು ಇರಲಿಲ್ಲ. 1972ರ ಜೂನ್ 9ರಂದು, 49ನೇ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಮೈಸೂರು ರಾಜ್ಯಕ್ಕೆ 'ಕರ್ನಾಟಕ' ಅಂತ ಹೆಸರಿಡಿ ಎಂದು ಸದನದಲ್ಲಿ ಹಟ ಹಿಡಿದವರು ಅವರು. ಅದಕ್ಕೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು ಆ ಜುಲೈನಲ್ಲಿ, ಅವರು ಹೋಗಿ ಎರಡು ತಿಂಗಳೂ ಆಗಿರಲಿಲ್ಲ. 1973ರ ನವೆಂಬರ್ 1ರಿಂದ ಹೆಸರು ಬದಲಾಯಿತು.

ಹಾಗಾದರೆ ಪಕ್ಷ ಕಟ್ಟೋದರಲ್ಲಿ ಅವರು ಗೆದ್ದರಾ? ಇಲ್ಲ ಅಂತಲೇ ಹೇಳಬೇಕು. ಸಮಾಜವಾದಿಗಳು ಒಡೆದರು, ಕೂಡಿದರು, ಮತ್ತೆ ಒಡೆದರು. ಆ ಗರಡಿಯಲ್ಲಿ ಪಳಗಿದ ಎಸ್. ಬಂಗಾರಪ್ಪ ಕಾಂಗ್ರೆಸ್ಸಿನಿಂದ, ಜೆ.ಎಚ್. ಪಟೇಲ್ ಜನತಾದಳದಿಂದ ಮುಖ್ಯಮಂತ್ರಿಗಳಾದರು. ಕಾಗೋಡು ತಿಮ್ಮಪ್ಪ ಮುಂದೆ ಕಾಂಗ್ರೆಸ್ಸಿನಲ್ಲಿದ್ದು ಸ್ಪೀಕರ್ ಆದರು. ಶಿಷ್ಯರಿಗೆ ಕುರ್ಚಿ ಸಿಕ್ಕಿತು, ಪಕ್ಷ ಕರಗಿತು.

ಕಾನೂನು ಮಾಡಿದ ಶ್ರೇಯ ಅರಸರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಧಿಕಾರದಲ್ಲಿದ್ದವರು ಒಂದು ದಿನ ಸಹಿ ಹಾಕಬೇಕಾದರೆ, ಅದಕ್ಕೂ ಮುಂಚೆ ಯಾರೋ ಇಪ್ಪತ್ತು ವರ್ಷ ವಿರೋಧ ಪಕ್ಷದ ಬೆಂಚಿನಿಂದ ಅದೇ ಮಾತನ್ನು, ಬೇಜಾರಿಲ್ಲದೆ, ಹೇಳುತ್ತಲೇ ಇರಬೇಕಾಗುತ್ತೆ. ಆ ಕೆಲಸಕ್ಕೆ ಡೆಸಿಗ್ನೇಷನ್ ಇಲ್ಲ. ಇವತ್ತು ಪ್ರತಿ ಪಕ್ಷದಲ್ಲೂ ಮಂತ್ರಿಗಿರಿಗೆ ಕ್ಯೂ ಇದೆ. ಆ ಬೆಂಚಿಗೆ ಕ್ಯೂ ಎಲ್ಲಿದೆ, ನೀವೇ ಹೇಳಿ.