ಬ್ರಿಗೇಡ್ ರಸ್ತೆಗೆ ಇಳಿದ ಚಿಕ್ಕಮಗಳೂರು

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆದಾಗ ಅಲ್ಲಿ ಕಾಫಿಯ ಜೊತೆಗೆ ಇಂಟರ್ನೆಟ್ಟೂ ಸಿಗುತ್ತಿತ್ತು. ಕ್ಯಾಪುಚಿನೋ ಎಂಬ ಹೆಸರೇ ಆಗ ಬಹುತೇಕರಿಗೆ ಹೊಸದು.

ಆ ಕೆಫೆಯ ಬೇರು ಮಾತ್ರ ಮಲೆನಾಡಿನ ತೋಟದಲ್ಲಿತ್ತು. ಸ್ಥಾಪಕ ವಿ.ಜಿ. ಸಿದ್ಧಾರ್ಥ ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದವರು. ದಶಕಗಳ ಕಾಲ ಬೆಳೆಗಾರರು ಫಸಲನ್ನು ಸರ್ಕಾರದ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ (ಪೂಲ್) ಒಪ್ಪಿಸಬೇಕಿತ್ತು. ತಾವು ಬೆಳೆದದ್ದನ್ನು ತಾವೇ ಮಾರುವಂತಿರಲಿಲ್ಲ. ತೊಂಬತ್ತರ ದಶಕದಲ್ಲಿ ಆ ಕಟ್ಟು ಸಡಿಲಿತು. ತೋಟದಿಂದ ಲೋಟದವರೆಗಿನ ದಾರಿ ಬೆಳೆಗಾರನ ಕೈಗೆ ಬಂತು. ಈ ಕಥೆಯ ನಿಜವಾದ ತಿರುವು ಇದೇ.

ಹೊಸ ಕೆಫೆ ಬರುವ ಮೊದಲೇ ಬ್ರಿಗೇಡ್ ರಸ್ತೆಗೆ ಹತ್ತಿರದ ಎಂ.ಜಿ. ರಸ್ತೆಯಲ್ಲಿ ನೌಕರರ ಸಹಕಾರ ಸಂಘದ ಇಂಡಿಯಾ ಕಾಫಿ ಹೌಸ್ ಇತ್ತು: ಪೇಟ ತೊಟ್ಟ ಮಾಣಿಗಳು, ಗಂಟೆಗಟ್ಟಲೆ ಹರಟೆ. 2009ರಲ್ಲಿ ಅದು ಚರ್ಚ್ ಸ್ಟ್ರೀಟ್‌ಗೆ ಸ್ಥಳಾಂತರವಾಯಿತು.