ಬಿಳಿ ಕಲ್ಲು

ನಮ್ಮ ಶಾಲೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಮಕ್ಕಳು ತರುವ ಕಲ್ಲುಗಳಿಗೆ ಚೀಟಿ ಅಂಟಿಸಿ ಅದರಲ್ಲಿಡುವುದು ನನ್ನ ಹಳೆಯ ಹುಚ್ಚು. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನಿಂಬೆಹಣ್ಣಿನ ಗಾತ್ರದ ಬಿಳಿ ಬೆಣಚುಕಲ್ಲು ತಂದಳು. “ಮಿಸ್, ಇದು ಕೆಜಿಎಫ್ ಕಲ್ಲು, ನಮ್ಮ ತಾತನದು” ಎಂದವಳು ದನಿ ತಗ್ಗಿಸಿ, “ಅಜ್ಜಿಗೆ ಹೇಳಿಲ್ಲ” ಎಂದಳು. ಚಿನ್ನದ ಮಿಂಚೇನೂ ಅದರಲ್ಲಿ ಕಾಣಲಿಲ್ಲ. ಒಂದು ಕಲ್ಲಿಗೆ ಅಜ್ಜಿಯ ಅಪ್ಪಣೆ ಯಾಕೆ ಬೇಕೋ ನನಗೆ ಆಗ ಹೊಳೆಯಲಿಲ್ಲ.

ಕೋಲಾರದ ಚಿನ್ನವನ್ನು ಬ್ರಿಟಿಷರು ಕಂಡುಹಿಡಿದರು ಎಂದು ನಾನೇ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ನಿಜ ಹಾಗಿಲ್ಲ. 1802ರಲ್ಲಿ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, ಚಿನ್ನ ತೋರಿಸಿದವರಿಗೆ ಇನಾಮು ಎಂದು ಸಾರಿದ. ಉರಿಗಾಂ ಹಳ್ಳಿಯವರು ಗಾಡಿ ತುಂಬ ಮಣ್ಣು ತಂದು ಅವನೆದುರಿಗೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂ ಕಡೆ ಗಂಡಸರು ಆಳದ ಗುಂಡಿಗಿಳಿದು ಕಲ್ಲು ಕೀಳುತ್ತಿದ್ದರು. ಆ ಕಲ್ಲನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡುತ್ತಿದ್ದವರು ಹೆಂಗಸರು. ರಾಗಿ ಕುಟ್ಟುವ ಕೈಗಳೇ ಚಿನ್ನವನ್ನೂ ಕುಟ್ಟಿದವು. ಅವರಿಗೆ ಪಟ್ಟೆ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ. 1859ರಲ್ಲಿ, ಅಪಘಾತಗಳಾಗುತ್ತವೆಂಬ ಕಾರಣಕ್ಕೆ, ನೆಲದೊಳಗೆ ಇಳಿಯುವುದನ್ನೇ ಸರ್ಕಾರ ನಿಷೇಧಿಸಿತು.

ಆಮೇಲೆ ಬಂದವನು ಮೈಕೆಲ್ ಲವೆಲ್. ಬೆಂಗಳೂರಿನ ಲ್ಯಾವೆಲ್ಲೆ ರೋಡಿನಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ಹೆಸರು. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬಂದಿದ್ದ ಈ ಐರಿಷ್ ಸಿಪಾಯಿ ವಾರನ್‌ನ ಹಳೆಯ ಲೇಖನ ಓದಿ, ಎತ್ತಿನಗಾಡಿ ಹತ್ತಿ ಕೋಲಾರಕ್ಕೆ ಹೋದ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ, 1875ರಲ್ಲಿ ಇಪ್ಪತ್ತು ವರ್ಷದ ಹಕ್ಕು ಪಡೆದ. ಕೈಯಲ್ಲಿ ಕಾಸಿರಲಿಲ್ಲ ಪಾಪ, ಕೆಲವೇ ವರ್ಷಗಳಲ್ಲಿ ಹಕ್ಕು ಬೇರೆಯವರ ಪಾಲಾಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಮುಂದಿನದು ನಿಮಗೆ ಗೊತ್ತೇ ಇದೆ: 1902ರ ಶಿವನಸಮುದ್ರದ ವಿದ್ಯುತ್ತು, ಮೂರು ಕಿಲೋಮೀಟರಿಗೂ ಮೀರಿದ ಆಳ.

ಅದೇ ಕಾಲಕ್ಕೆ ಅಮೆರಿಕದಲ್ಲಿ ನಡೆದದ್ದು ವಿಚಿತ್ರವಾಗಿದೆ. ಅಲ್ಲಿನ 1872ರ ಕಾನೂನಿನಂತೆ ಯಾವ ಪ್ರಜೆಯಾದರೂ ಸರ್ಕಾರಿ ನೆಲದಲ್ಲಿ ಅದಿರು ಕಂಡರೆ ಗೂಟ ನೆಟ್ಟು ತನ್ನದೆನ್ನಬಹುದಿತ್ತು. ಆ ಕಾನೂನು ಇಂದಿಗೂ ಜೀವಂತವಿದೆ, ಅಂಥ ಗಣಿಯ ಚಿನ್ನದ ಮೇಲೆ ಕೇಂದ್ರ ಸರ್ಕಾರಕ್ಕೆ ರಾಜಧನವೂ ಇಲ್ಲ. (ಆ ನೆಲ ಮೊದಲು ಯಾರದಾಗಿತ್ತು ಎಂದು ಅಲ್ಲಿನ ಮೂಲನಿವಾಸಿಗಳನ್ನು ಕೇಳಬೇಕು.) ಬರಿಯ ಆಸೆಗೆ ಕಲ್ಲು ಆಯುವವರನ್ನೂ ಅವರು ಮರೆತಿಲ್ಲ. ಸರ್ಕಾರಿ ಬಯಲಿನಲ್ಲಿ ಕಲ್ಲಾಗಿ ಹೋದ ಮರದ ತುಂಡುಗಳನ್ನು ದಿನಕ್ಕೆ ಸುಮಾರು 11 ಕಿಲೋ, ಅದರ ಮೇಲೆ ಒಂದು ತುಂಡು, ಮನೆಗೆ ಒಯ್ಯಬಹುದು. ಇನ್ನೊಬ್ಬರು ಗೂಟ ನೆಟ್ಟ ಜಾಗದಲ್ಲಿ ಮಾತ್ರ ಅವರನ್ನು ಕೇಳದೆ ಅದಿರು ಮುಟ್ಟಬಾರದು.

ನಮ್ಮ ಕೋಲಾರದಲ್ಲಿ ತೂಕದ ಮಾತೇ ಇರಲಿಲ್ಲ. ಅದಿರು ಕೈಯಲ್ಲಿ ಸಿಕ್ಕರೆ, ಎಲ್ಲಿಂದ ಬಂತೆಂದು ಹೇಳಬೇಕಾದವನು ಕೂಲಿಯವನೇ. ಚಿನ್ನ ಕದಿಯುತ್ತಾರೆಂಬ ಅನುಮಾನ ಎಷ್ಟಿತ್ತೆಂದರೆ, 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕೆಂಬ ನಿಯಮ ಬಂತು. ಜನ ಕೆಲಸ ನಿಲ್ಲಿಸಿಬಿಟ್ಟರು. ಉರಿಗಾಂನಲ್ಲಿ ಮಣ್ಣು ತೊಳೆದು ತೋರಿಸಿದವರಿಗೆ ಇನಾಮು ಸಾರಿದ ನೆಲವೇ ಅದು.

ಅಜ್ಜಿ ಮರುವಾರವೇ ಶಾಲೆಗೆ ಬಂದರು. ಹಣ್ಣು ಹಣ್ಣು ಮುದುಕಿ. ಕೂರಲೂ ಇಲ್ಲ.

“ಆ ಕಲ್ಲು ಕೊಟ್ಟುಬಿಡಿ ಟೀಚರಮ್ಮ. ಮಗುವಿಗೆ ಏನೂ ತಿಳಿಯದು.”

“ಗಣಿ ಮುಚ್ಚಿದ್ದೇ 2001ರಲ್ಲಿ ಅಜ್ಜಿ, ಈಗ ಯಾರು ಕೇಳುತ್ತಾರೆ? ಇದು ಬರೀ ಬೆಣಚುಕಲ್ಲು” ಎಂದೆ.

“ಇರಲಿ ತಾಯಿ, ಪೆಟ್ಟಿಗೆಗೆ ಬೇರೆ ಕಲ್ಲು ತಂದುಕೊಡಿಸ್ತೀನಿ.”

ತೆಗೆದುಕೊಟ್ಟೆ. ಚೀಟಿಯನ್ನು ಕಿತ್ತು ನನ್ನ ಕೈಗಿಟ್ಟರು. ಕಲ್ಲನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಂದಿನ ಗೇಟು ತೆರೆದೇ ಇತ್ತು, ಅಲ್ಲಿ ಜವಾನ ಸ್ಟೂಲ್ ಹಾಕಿಕೊಂಡು ಕೂತಿದ್ದ. ಅಜ್ಜಿ ಅವನನ್ನೊಮ್ಮೆ ನೋಡಿ, ನೀರಿನ ಟ್ಯಾಂಕಿನ ಪಕ್ಕದ ಹಿಂಬಾಗಿಲಿನಿಂದ ಹೊರಗೆ ಹೋದರು.