ಗೋರಿಯೊಳಗಿನ ನಂಟು: ತುಂಗಭದ್ರಾ ಸೀಮೆಯ ಪ್ರಾಚೀನ ಸಮಾಧಿಗಳು ಮತ್ತು ಡಿಎನ್‌ಎ

ನಂದವರಂ, ಎಮ್ಮಿಗನೂರು, ಆದವಾನಿಗಳ ಸೀಮೆಯು ಇಂದು ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಸೇರಿದವು. ಉಳಿದವು ಮೈಸೂರಿಗೆ ಬಂದವು. ನುಡಿಯನ್ನು ಅಳತೆಗೋಲಾಗಿಸಿ ಎಳೆದ ಈ ಗೆರೆಯನ್ನು ನವಶಿಲಾಯುಗದ ನೆಲೆಗಳೂ ಕಲ್ಗೋರಿಗಳೂ ಅರಿಯವು. ಅವು ಅದರ ಎರಡೂ ಬದಿಗೆ ಹರಡಿವೆ.

ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ನಡೆಸಿದ ಉತ್ಖನನವು ಮಡಕೆಯಲ್ಲಿಟ್ಟ ಮಕ್ಕಳನ್ನೂ ನೀಳವಾಗಿ ಮಲಗಿಸಿದ ವಯಸ್ಕರನ್ನೂ ಬೆಳಕಿಗೆ ತಂದಿತು. ಮಾರ್ಟಿಮರ್ ವೀಲರ್ 1947ರಲ್ಲಿ ಅಗೆದ ಬ್ರಹ್ಮಗಿರಿಯ ಶಿಲಾಕೋಷ್ಠಗಳಲ್ಲಾದರೋ ಹಲವರ ಬಿಡಿ ಎಲುಬುಗಳು ಒಂದೆಡೆ ಸೇರಿದ್ದವು. ಹೀಗೆ ಒಂದೇ ಗೋರಿ ಸೇರಿದವರು ಒಂದೇ ಮನೆಯವರೆ? ಮಡಕೆಯ ಬಣ್ಣ, ಕಬ್ಬಿಣದ ಆಯುಧಗಳು ಈ ಪ್ರಶ್ನೆಗೆ ಉತ್ತರ ಕೊಡಲಾರವು.

ಉತ್ತರದ ಒಂದು ಪಾಲು ಡಿಎನ್‌ಎಯಲ್ಲಿದೆ. ಇಂಗ್ಲೆಂಡಿನ ಹೇಝಲ್‌ಟನ್ ನಾರ್ತ್ ಎಂಬಲ್ಲಿನ ನವಶಿಲಾಯುಗದ ಗೋರಿಯಲ್ಲಿ ಪರೀಕ್ಷೆಗೊಳಗಾದ 35 ಜನರಲ್ಲಿ 27 ಮಂದಿ ಐದು ತಲೆಮಾರುಗಳ ಒಂದೇ ವಂಶದವರೆಂದು ತಿಳಿದುಬಂದಿದೆ. ಆ ವಂಶದ ಮೂಲದಲ್ಲಿ ಒಬ್ಬ ಗಂಡಸೂ ನಾಲ್ವರು ಹೆಂಗಸರೂ ಇದ್ದರು. ಆದರೆ ಆ ವಂಶದ ರಕ್ತವಿಲ್ಲದ ತಂದೆಗೆ ಹುಟ್ಟಿ, ತಾಯಿಯ ಮೂಲಕ ಮನೆಗೆ ಸೇರಿದ ಗಂಡುಮಕ್ಕಳಿಗೂ ಅಲ್ಲಿ ಜಾಗ ದೊರೆತಿತ್ತು. ನಂಟು ರಕ್ತವನ್ನು ಮೀರಿತ್ತೆಂಬುದಕ್ಕೆ ರಕ್ತವೇ ಸಾಕ್ಷಿ ನುಡಿದಂತಾಯಿತು.

ಬಳ್ಳಾರಿ, ಕರ್ನೂಲು ಸೀಮೆಯ ಓದುಗರಿಗೆ ಇದು ಅಪರಿಚಿತವೇನಲ್ಲ. ಅಳಿಯನನ್ನು ಮನೆಗೆ ತಂದು ಮಗನಂತೆ ಆಸ್ತಿಯ ಹಕ್ಕು ನೀಡುವ 'ಇಲ್ಲಟಂ' ಪದ್ಧತಿ ಇಲ್ಲಿಯ ಕೆಲವು ಒಕ್ಕಲು ಸಮುದಾಯಗಳಲ್ಲಿ ರೂಢಿಯಲ್ಲಿತ್ತು. ಅಂಥ ಅಳಿಯನ ಎಲುಬು ಪ್ರಯೋಗಾಲಯದಲ್ಲಿ ಮನೆಯ ಹಿರಿಯರಿಗೆ ಸಂಬಂಧವಿಲ್ಲದವನದೆಂದೇ ಕಾಣುತ್ತದೆ. ಅವನ ಮಕ್ಕಳ ಎಲುಬುಗಳಷ್ಟೇ ಅವನನ್ನು ಆ ಮನೆಗೆ ಜೋಡಿಸಬಲ್ಲವು. ಇದನ್ನು ಶಿಲಾಯುಗಕ್ಕೆ ನೇರವಾಗಿ ಆರೋಪಿಸಲಾಗದು. 'ಹೊರಗಿನವ' ಎಂಬ ತೀರ್ಪು ಅವಸರದ್ದಾಗಬಾರದೆಂಬ ಎಚ್ಚರಿಕೆಯಾಗಿ ಇದನ್ನು ನೆನೆಯಬೇಕು.

ದಖನ್ನಿನ ಬಿಸಿಲು ಇನ್ನೊಂದು ಮಿತಿ. ಶಾಖದಲ್ಲಿ ಡಿಎನ್‌ಎ ಬೇಗ ತುಂಡಾಗುತ್ತದೆ. ಹರಿಯಾಣದ ರಾಖಿಗಢಿಯಲ್ಲಿಯೇ 61 ಮಾದರಿಗಳನ್ನು ಪರೀಕ್ಷಿಸಿದಾಗ ಉಪಯುಕ್ತವಾಗಿ ಉಳಿದದ್ದು ಒಬ್ಬ ಹೆಂಗಸಿನದು ಮಾತ್ರ. 2019ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಹುಲ್ಲುಗಾವಲು ಪಶುಪಾಲಕರ ವಂಶಾಂಶ ಕಾಣಲಿಲ್ಲ. ಕೂಡಲೇ ಆಕೆ ಯಾವ ಭಾಷೆ ಆಡುತ್ತಿದ್ದಳೆಂಬ ವಾದ ಹೊತ್ತಿಕೊಂಡಿತು.

ಇಲ್ಲಿಯೇ ಭಾಷಾ ವಿದ್ವಾಂಸರ ಹೊಣೆ ಮೊದಲಾಗುತ್ತದೆ. ಲಿಂಗ, ರಕ್ತಸಂಬಂಧ, ವಲಸೆಯ ಜಾಡುಗಳನ್ನು ಎಲುಬು ಹೇಳಬಲ್ಲದು, ನುಡಿಯನ್ನು ಹೇಳಲಾರದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಎಂದು ಬದುಕುವ ಆದವಾನಿ ಸೀಮೆಯ ಕುಟುಂಬಗಳಲ್ಲಿ ಭಾಷೆ ಒಂದೇ ತಲೆಮಾರಿನಲ್ಲಿ ಬದಲಾಗಬಹುದು, ವಂಶವಾಹಿ ಮಾತ್ರ ಹಾಗೆಯೇ ಉಳಿಯುತ್ತದೆ. ನಾಳೆ ತುಂಗಭದ್ರೆಯ ಗೋರಿಯೊಂದು ತನ್ನ ಡಿಎನ್‌ಎಯನ್ನು ಬಿಟ್ಟುಕೊಟ್ಟರೂ, ಅದನ್ನು ಕನ್ನಡದ ಅಥವಾ ತೆಲುಗಿನ ಪೂರ್ವಜನೆಂದು ಬರೆದುಕೊಳ್ಳುವ ಹಕ್ಕು ಗೆರೆಯ ಯಾವ ಬದಿಗೂ ದೊರೆಯುವುದಿಲ್ಲ.